ಒಲೆ ಹಚ್ಚದ ಉಂಡೆಗಳು

ಶ್ರೀಪಾದರಾಯರು ಸಿಹಿ ಮಾಡಲು ಕೂತರೆ ಮೊದಲು ತಲೆಗೆ ನೀಲಿ ಬಲೆಟೋಪಿ, ಕೈಗೆ ಗ್ಲೌಸ್, ಆಮೇಲೆ ಗ್ರಾಂ ತೋರಿಸುವ ಪುಟ್ಟ ತಕ್ಕಡಿ. ಉಂಡೆ ಕಟ್ಟುತ್ತಾರೋ ಆಪರೇಷನ್ ಮಾಡುತ್ತಾರೋ ಎಂದು ನೋಡಿದವರು ಹೆದರಬೇಕು. ಅವರ ತಪ್ಪಲ್ಲ ಬಿಡಿ. ನೈರೋಬಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವರು. ಮನೆಗೆ ಬಂದರೂ ಆ ಅಭ್ಯಾಸ ಬಿಡುತ್ತಿರಲಿಲ್ಲ.

ನನ್ನ ಗಂಡನ ಕಂಪನಿ ನಮ್ಮನ್ನು ಬೆಂಗಳೂರಿನಿಂದ ಇಲ್ಲಿಗೆ ಕಳಿಸಿದ್ದು 2013ರಲ್ಲಿ. ಲ್ಯಾವಿಂಗ್ಟನ್ ಬಡಾವಣೆಯ ಒಂದು ಕಾಂಪೌಂಡಿನಲ್ಲಿ ನಮ್ಮದು ಮೇಲಿನ ಮನೆ, ಕೆಳಗಿನದರಲ್ಲಿ ರಾಯರು ಒಬ್ಬರೇ. ಹೆಂಡತಿಗೆ ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ಮಗಳು ಅನಘಾ ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ಡಿಸೆಂಬರ್‌ನಲ್ಲಿ ಕಾರ್ಖಾನೆ ಮುಚ್ಚಿ ಎಲ್ಲರೂ ಊರಿಗೆ ಹೊರಟಾಗಲೇ ಯಂತ್ರ ಬಿಚ್ಚಿ ರಿಪೇರಿ ಮಾಡಬೇಕು, ಹಾಗಾಗಿ ಇವರೊಬ್ಬರಿಗೆ ರಜೆಯಿಲ್ಲ. ಇವರಿಗೆ ರಜೆ ಸಿಗುವ ಜುಲೈನಲ್ಲಿ ಮಗಳಿಗೆ ಶಾಲೆ. ಅಪ್ಪ ಮಗಳ ರಜೆಗಳು ಒಂದು ವರ್ಷವೂ ಕೂಡಿಬರಲಿಲ್ಲ.

ನಮ್ಮ ಕಾಂಪೌಂಡಿನ ಮಕ್ಕಳಿಗೋ ಡಿಸೆಂಬರ್ ಪೂರ್ತಿ ರಜೆ, ಮನೆಯಲ್ಲೇ ಕುಣಿತ. ಮೊದಲ ವರ್ಷವೇ ಒಂದು ಭಾನುವಾರ ರಾಯರು ಮೇಲೆ ಬಂದು, ನನ್ನ ಮಗಳು ತಾರಾಳನ್ನೂ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಕಳಿಸಿ, ಕ್ರಿಸ್‌ಮಸ್‌ಗೆ ಸಿಹಿ ಮಾಡಿಸುತ್ತೇನೆ ಎಂದರು. ಒಲೆ ಹತ್ತಿರ ಮಕ್ಕಳೇ ಎಂದು ನಾನು ರಾಗ ಎಳೆದೆ.

"ಒಲೆನೇ ಹಚ್ಚಲ್ಲಮ್ಮ. ಬೆಂಕಿ ಇದ್ರೆ ದೊಡ್ಡವರು ಬೇಕು, ಇಲ್ದಿದ್ರೆ ಮಕ್ಕಳೇ ಸಾಕು," ಎಂದರು.

ಮಾರಿ ಬಿಸ್ಕತ್ತನ್ನು ಲಟ್ಟಣಿಗೆಯಲ್ಲಿ ಪುಡಿ ಮಾಡುವುದು, ಜರಡಿ ಹಿಡಿಯುವುದು, ಕೋಕೋ ಪುಡಿ, ಕಂಡೆನ್ಸ್‌ಡ್ ಮಿಲ್ಕ್ ಹಾಕಿ ಕಲಸಿ ಉಂಡೆ ಕಟ್ಟಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿ ಫ್ರಿಜ್ಜಿನಲ್ಲಿಡುವುದು. ಇಷ್ಟಕ್ಕೆ ಅದೆಂಥ ಶಿಸ್ತು ಅಂತೀರಿ! ಉಂಡೆ ಇಪ್ಪತ್ತು ಗ್ರಾಮೇ ಇರಬೇಕು. ಹೆಚ್ಚಾದರೆ ರಿಜೆಕ್ಟ್, ಕಟ್ಟಿದವರೇ ತಿನ್ನಬೇಕು. ತಾರಾ ಗುಟ್ಟು ಹಿಡಿದು ನಿಂಬೆಹಣ್ಣಿನ ಗಾತ್ರದ್ದನ್ನೇ ಕಟ್ಟತೊಡಗಿದಳು. ರಾಯರು ಒಂದೊಂದನ್ನೂ ತೂಗಿ, ಬಲು ಬೇಸರದ ಮುಖ ಮಾಡಿ ಅವಳ ಕೈಗೇ ವಾಪಸು ಕೊಡುತ್ತಿದ್ದರು. ಡಬ್ಬಿಗಳ ಮೇಲೆ ಬ್ಯಾಚ್ ನಂಬರು, ಎಕ್ಸ್‌ಪೈರಿ ದಿನಾಂಕ ಬೇರೆ. ಗೇಟಿನ ಕಾವಲುಗಾರ ಅದನ್ನು ಓದಿ ನಗುತ್ತಾ ಸ್ವಾಹಿಲಿಯಲ್ಲಿ ಅಸಾಂಟೆ, ಅಂದರೆ ಥ್ಯಾಂಕ್ಸ್, ಎಂದು ಡಬ್ಬಿ ತೆಗೆದುಕೊಳ್ಳುತ್ತಿದ್ದ.

ಪ್ರತಿ ವರ್ಷ ಡಬ್ಬಿ ಕೊಡುವಾಗ, ಮುಂದಿನ ಸಲ ಅನಘಾನೂ ಇರುತ್ತಾಳೆ ಎನ್ನುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಕೇಳಿ ಕೇಳಿ ನನಗೆ ಅದು ಮಾತಿನ ರೂಢಿ ಅನ್ನಿಸಿಬಿಟ್ಟಿತ್ತು.

2016ರ ಡಿಸೆಂಬರ್‌ನಲ್ಲಿ ಅವಳು ನಿಜಕ್ಕೂ ಬಂದಳು. ಶಾಲೆಗೆ ನಾಲ್ಕು ದಿನ ಚಕ್ಕರ್ ಹೊಡೆಸಿ ತಾಯಿಯೇ ಕರೆತಂದರು. ವಿಮಾನ ಬರುವ ಮೂರು ಗಂಟೆ ಮೊದಲೇ ರಾಯರು ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಹೋಗಿ ನಿಂತಿದ್ದರಂತೆ. ಎರಡು ದಿನ ಬಿಟ್ಟು ಉಂಡೆ ಕಟ್ಟುವ ಕಾರ್ಯಕ್ರಮ. ನಾನು ಚಟ್ನಿಪುಡಿ ಕೊಡಲು ಹೋದಾಗ ನಮ್ಮ ಮಕ್ಕಳು ಆಗಲೇ ಅಡುಗೆಮನೆಯನ್ನು ಆಕ್ರಮಿಸಿದ್ದರು. ಯಾವ ಡ್ರಾಯರಿನಲ್ಲಿ ಏನಿದೆ ಎಂಬುದು ಅವರಿಗೆ ಬಾಯಿಪಾಠ. ಹದಿನಾಲ್ಕರ ಹುಡುಗಿ ಅನಘಾ ಬಾಗಿಲ ಬಳಿ ನೆಂಟರಂತೆ ನಿಂತಿದ್ದಳು. ನನ್ನ ಮಗಳು ಅವಳ ಕೈಗೆ ಗ್ಲೌಸ್ ಕೊಟ್ಟು, ಅವಳ ಅಪ್ಪನ ನಿಯಮಗಳನ್ನು ಅವಳಿಗೇ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು.

"ಅಪ್ಪಾ, ಇವರಿಗೆಲ್ಲಾ ಪ್ರತಿ ವರ್ಷ ಮಾಡಿಸ್ತಿದ್ಯಾ?" ಎಂದು ಆ ಹುಡುಗಿ ಕೇಳಿದಳು.

ರಾಯರು ಹೂಂ ಎಂದರು.

"ನಂಗೆ ಹೇಳಲೇ ಇಲ್ಲ." ಗ್ಲೌಸ್ ಮೇಜಿನ ಮೇಲಿಟ್ಟು ಒಳಗೆ ಹೋದಳು.

ರಾಯರು ಕಲಸುತ್ತಿದ್ದ ಕೈಯನ್ನು ಪಾತ್ರೆಯಿಂದ ತೆಗೆಯಲೂ ಇಲ್ಲ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಮ್ಮ ಮಕ್ಕಳು ಚಪ್ಪರಿಸಿ ತಿಂದದ್ದು ಆ ಹುಡುಗಿಯ ಪಾಲು. ಅದು ನನಗೆ ಹೊಳೆದೇ ಇರಲಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ ರಾಯರು ಕೆಲಸ ಬಿಟ್ಟರು. ಹೇಳಿಹೋಗಲು ಬಂದಾಗ ನನ್ನ ಗಂಡ, ಕೈಯಲ್ಲಿರುವ ಇಂಥ ಕೆಲಸ ಬಿಡುತ್ತಾರೆಯೇ ಎಂದು ವಾದಕ್ಕೇ ಇಳಿದರು. ರಾಯರು ಕಾಫಿ ಮುಗಿಯುವವರೆಗೂ ಕೇಳಿಸಿಕೊಂಡರು.

"ಪಿಯುಸಿ ಮುಗಿದ್ರೆ ಅವಳು ಎಲ್ಲಿರ್ತಾಳೋ. ಅಷ್ಟರಲ್ಲಿ ಮೂರು ಡಿಸೆಂಬರ್ ಇದೆ. ಅಷ್ಟಾದ್ರೂ ನಂಗಿರ್ಲಿ," ಎಂದರು.

ಅದೇ ಕೊನೆ, ಮತ್ತೆ ಅವರನ್ನು ನೋಡಿಲ್ಲ. ಆ ವರ್ಷದ ಡಿಸೆಂಬರ್ ರಜೆಯಲ್ಲಿ ತಾರಾ ತಾನೇ ಬಿಸ್ಕತ್ತು ಪುಡಿ ಮಾಡಿಕೊಂಡು ಕೂತಳು. ಪಕ್ಕದ ಮನೆಯವರೂ ಊರು ಬಿಟ್ಟಿದ್ದರು, ಹಾಗಾಗಿ ಒಬ್ಬಳೇ. ನಾನು ಜೊತೆಗೆ ಕೂತೆ. ರಾಯರು ಮಗಳ ಹತ್ತಿರ ಇದ್ದಾರೆ, ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಳಮನೆಯಲ್ಲಿ ಹೊಸದಾಗಿ ಬಂದವರ ಟೀವಿ ಸದ್ದು ಕೇಳುತ್ತಿತ್ತು.

ಅಂಕಲ್ ಈಗ ಅನಘಾಗೆ ಮಾತ್ರ ಮಾಡಿಸುತ್ತಾರಾ ಎಂದು ತಾರಾ ಇಂಗ್ಲಿಷಿನಲ್ಲೇ ಕೇಳಿದಳು. ನಿಜ ಹೇಳುತ್ತೇನೆ, ಮೈಸೂರಿನ ಆ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

"ಹೌದು ಪುಟ್ಟ, ಅವಳಿಗೆ ಮಾತ್ರ," ಎಂದೆ.