ಅಪ್ಪನ ನಾಟಕವನ್ನು ನಂಬಿದ ಅತ್ತೆ

ಇವತ್ತು ಬಸ್ ನಿಲ್ದಾಣದ ಎದುರು ಕಾಲೇಜಿನ ಮಕ್ಕಳು ಎಚ್‌ಐವಿ ಕುರಿತು ಬೀದಿನಾಟಕ ಆಡುತ್ತಿದ್ದರು. "ಹೆದರಬೇಡಿ, ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ಒಬ್ಬ ಹುಡುಗಿ ಕೂಗಿದಾಗ ಗಿರಿಜತ್ತೆಯ ನೆನಪಾಗಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ಜನ ಹಾಗೆ ಹೆದರುತ್ತಿದ್ದದ್ದು ಕುಷ್ಠರೋಗಕ್ಕೆ. ಅಪ್ಪ ಗೆಳೆಯರನ್ನು ಕಟ್ಟಿಕೊಂಡು ಅದರ ಕುರಿತು ಅಲ್ಲಲ್ಲಿ ನಾಟಕ ಆಡುತ್ತಿದ್ದರು. ರೋಗ ಬಂದ ತಂಗಿಯನ್ನು ಎಲ್ಲರೆದುರು ತಬ್ಬಿಕೊಳ್ಳುವ ಅಣ್ಣನ ಪಾತ್ರ ಅಪ್ಪನದೇ. ಕುಲಶೇಖರದಲ್ಲಿ ಆಡಿದ ದಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಟಕ ಮುಗಿದ ಮೇಲೆ ತಪಾಸಣೆಗೆಂದು ಅಲ್ಲೇ ಕುಳಿತಿದ್ದ ಡಾಕ್ಟರ ಮುಂದೆ ಮೊದಲು ಹೋಗಿ ನಿಂತವರು ಅಪ್ಪನ ಸ್ವಂತ ತಂಗಿ, ನಮ್ಮ ಜೊತೆಗೇ ಇದ್ದ ಗಿರಿಜತ್ತೆ. ರವಿಕೆಯ ತೋಳು ಸರಿಸಿ, ಮುಟ್ಟಿದರೂ ತಿಳಿಯದ ಬಿಳಿ ಮಚ್ಚೆ ತೋರಿಸಿದರು.

ಮಣ್ಣಗುಡ್ಡದ ಮನೆಗೆ ಬಂದದ್ದೇ ಅಪ್ಪ ಸಿಡಿದರು. ಮುಖದ ಬಣ್ಣ ಇನ್ನೂ ತೊಳೆದಿರಲಿಲ್ಲ.

"ಎಲ್ಲರ ಎದುರು ಕೈ ತೋರಿಸ್ಲಿಕ್ಕೆ ನಿನಗೆಂತ ಅವಸರ ಇತ್ತು ಮಾರಾಯ್ತಿ?"

"ನೀನೇ ಹೇಳಿದ್ದಲ್ವಾ ಅಣ್ಣಾ, ಹೆದರ್ಬೇಡಿ, ಮದ್ದು ಉಂಟು ಅಂತ?"

"ಅದು ನಾಟಕ!"

ಮರುದಿನವೇ ಅತ್ತೆಯ ಬಟ್ಟೆ, ತಟ್ಟೆ, ಲೋಟ ಶಕ್ತಿನಗರದ ಬಾಡಿಗೆ ಕೋಣೆಗೆ ಹೋದವು, ಹಿಂದೆಯೇ ಅತ್ತೆಯೂ. ಮದ್ದು ತಿಂದು ಅವರು ಪೂರ್ತಿ ಗುಣವಾದರು. ಡಾಕ್ಟರೇ ಮನೆಗೆ ಬಂದು ಹೇಳಿದರೂ ಅಪ್ಪ ಅವರನ್ನು ಕರೆತರಲಿಲ್ಲ. ನಾಟಕವನ್ನು ಮಾತ್ರ ನಿಲ್ಲಿಸಲಿಲ್ಲ, ಅದಕ್ಕಾಗಿ ಸನ್ಮಾನದ ಶಾಲು ಹೊದಿಸಿಕೊಂಡರು.

ಇವತ್ತು ಅಪ್ಪನನ್ನು ಬೈಯುವುದು ಸುಲಭ. ಆದರೆ ನನ್ನ ಮದುವೆಯ ಹೊತ್ತಿಗೆ ನಾನು ಓದಿದವಳು, ಗುಣವಾದವರಿಂದ ಆ ರೋಗ ಅಂಟುವುದಿಲ್ಲವೆಂದು ಚೆನ್ನಾಗಿ ತಿಳಿದವಳು. "ಅತ್ತೆಗೆ ಮದುವೆ ಕಾಗದ ಕೊಡುವುದಾ?" ಎಂದು ಅಮ್ಮ ಕೇಳಿದಾಗ, "ಬೇಡ, ಗಂಡಿನ ಕಡೆಯವರು ಎಂತ ಹೇಳ್ತಾರೋ" ಎಂದವಳು ನಾನೇ.