ಹೂಂ ಅನ್ನುತ್ತಿದ್ದ ಕಾಕಾ

ಕಾಕಾರ ಕನ್ನಡಕದ ಎಡಗಡ್ಡಿಯ ತುದಿಯಲ್ಲಿ ಪ್ಲಾಸ್ಟಿಕ್ ಉಳಿದಿರಲಿಲ್ಲ. ಯೋಚಿಸುವಾಗ ಕಚ್ಚಿ ಕಚ್ಚಿ ತಂತಿ ಹೊರಬಿದ್ದಿತ್ತು. ಅದು ಕೊರೆದ ಕೆಂಪು ಗೆರೆ ಕಿವಿಯ ಹಿಂದೆ ಕಾಣುತ್ತಿತ್ತು. ಎಡಗಡ್ಡಿ ಎಂದೆನೆ? ಬಲಗಡ್ಡಿಯೂ ಇರಬಹುದು. ಅವರ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ವಿಜಯಪುರದ ಕಡೆಯವರು. ಪುಣೆಯ ನಮ್ಮ ಕಚೇರಿಯಲ್ಲಿ ಮರಾಠಿಯವರಿಗೂ ನಮಗೂ ಅವರು ಕಾಕಾ. ಕಂಪ್ಯೂಟರಿನೊಳಗೆ ಎಲ್ಲ ಪ್ರೋಗ್ರಾಮ್‌ಗಳಿಗೂ ಮೆಮೊರಿ ಹಂಚುವ ಕರ್ನೆಲ್ ಅವರ ಕೆಲಸ. ಮೈಸೂರು ವಿಶ್ವವಿದ್ಯಾಲಯದಿಂದ ನೇರವಾಗಿ ಬಂದ ನನ್ನನ್ನು ಅವರ ಪಕ್ಕದಲ್ಲಿ ಕೂರಿಸಿದ್ದರು. ಮೊದಲ ವಾರವೇ ಜಗಳ.

ಯಾವ ಪ್ರೋಗ್ರಾಮ್ ಎಷ್ಟು ಮೆಮೊರಿ ಕೇಳಿದರೂ ಕರ್ನೆಲ್ ಸಾಮಾನ್ಯವಾಗಿ ಒಪ್ಪಿಬಿಡುತ್ತದೆ. ಕೇಳಿದವರೆಲ್ಲ ಪೂರ್ತಿ ಬಳಸುವುದಿಲ್ಲ ಎಂಬ ನಂಬಿಕೆ. ಎಲ್ಲರೂ ಒಮ್ಮೆಲೇ ಬಳಸತೊಡಗಿದರೆ ಮೆಮೊರಿ ಮುಗಿಯುತ್ತದೆ. ಆಗ ಹೆಚ್ಚು ತಿಂದ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ, ಅಂದರೆ ನಡುವೆಯೇ ನಿಲ್ಲಿಸಿಬಿಡುತ್ತದೆ.

“ಇದು ಮೋಸ ಅಲ್ವಾ ಕಾಕಾ? ಆಗಲ್ಲ ಅಂತ ಮೊದಲೇ ಹೇಳಬೇಕು,” ಎಂದೆ.

“ಲೇ ಮೈಸೂರು, ನಾಳೆ ಬರ್ತೀಯೇನು ಅಂದ್ರ ನಮ್ಮೂರಾಗ ಯಾರೂ ಇಲ್ಲ ಅನ್ನಂಗಿಲ್ಲ. ಹೂಂ ಅಂತಾರ. ಬಂದಾಗ ಖರೇ ಅಂತ ಕೇಳಿದವಗೂ ಗೊತ್ತಿರ್ತದ. ಮಾರಿ ಮ್ಯಾಲ ಇಲ್ಲ ಅಂದ್ರ ಸಂಬಂಧ ಉಳಿಯೂದಿಲ್ಲಪಾ.”

“ಹೂಂ ಅಂದವರು ಆಮೇಲೆ ಕೊಲ್ಲೋದಿಲ್ವಲ್ಲ!”

“ಕೊಲ್ಲೂದಿಲ್ಲ, ಕೈ ಕೊಡ್ತಾರ. ಅದೂ ಒಂದು ನಮೂನಿ ಅದಽ,” ಎಂದು ನಕ್ಕರು.

ಅವರೂ ಹಾಗೆಯೇ. ಕನ್ನಡ ಸಂಘದ ಊಟದ ಮೇಲ್ವಿಚಾರಣೆಗೆ ಹೂಂ, ಯಾರದೋ ಮನೆ ಬದಲಿಸುವುದಕ್ಕೆ ಹೂಂ. ಹೃದಯದ ರಕ್ತನಾಳ ಕಟ್ಟಿದೆ, ಬೈಪಾಸ್ ಆಗಬೇಕು ಎಂದ ಡಾಕ್ಟರಿಗೂ ಹೂಂ ಎಂದು ಬಂದಿದ್ದರು.

ಅದೇ ಹೊತ್ತಿಗೆ ಪುಣೆಯ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಮೆಮೊರಿ ತುಂಬಿ ಪ್ರೋಗ್ರಾಮ್‌ಗಳು ಸಾಯತೊಡಗಿದವು. ಕಾಕಾ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿನ ಮ್ಯಾನೇಜರ್ ನಿಪ್ಪಾಣಿಯವರು. “ನಮ್ಮವು ಎಲ್ಲಾ ಮುಖ್ಯನಽ ಅದಾವ್ರಿ. ಒಂದನ್ನೂ ಕೊಲ್ಲಬ್ಯಾಡ್ರಿ,” ಎಂದು ಕೈಮುಗಿದರು.

“ಎಲ್ಲಾರಿಗೂ ಅಭಯ ಕೊಟ್ರ ಮಶೀನಽ ಕುಂದರ್ತದರಿ. ಯಾವುದರೆ ಒಂದನ್ನ ಬಿಟ್ಟುಕೊಡ್ರಿ.”

ಮ್ಯಾನೇಜರ್ ಬಹಳ ತಡವರಿಸಿ, ಬಂದ ಅತಿಥಿಗಳಿಗೆ ಗೋಡೆಯ ಮೇಲೆ ಬಣ್ಣದ ನಕ್ಷೆ ತೋರಿಸುವ ಪ್ರೋಗ್ರಾಮನ್ನು ಬಿಟ್ಟುಕೊಟ್ಟರು. ಮೆಮೊರಿ ಮುಗಿದರೆ ಮೊದಲು ಸಾಯಬೇಕಾದದ್ದು ಅದು ಎಂದು ಕಾಕಾ ಗುರುತು ಹಾಕಿದರು.

ಮರಳುವಾಗ ಚಹಾಕ್ಕೆ ನಿಂತೆವು. “ನೀವೂ ಏನಾದರೂ ಒಂದನ್ನ ಬಿಡಿ ಕಾಕಾ. ಆಪರೇಷನ್ ಮಾಡಿಸ್ಕೊಳ್ಳಿ,” ಎಂದೆ.

“ಭಾಳ ಅಂಜಿಕಿ ಆಗ್ತದೋ,” ಎಂದರು. ಆಮೇಲೆ, “ನಾವು ಹಾಕಿದ ಗುರುತು ತಪ್ಪಿದ್ರ ಏನು ಗತಿ?”

ಅಥವಾ ಗುರುತಿನ ಮಾತೇ ಮೊದಲು ಬಂತೆ? ಅದು ಮೊದಲಾದರೆ ಅಂಜಿಕೆ ಕಾರ್ಖಾನೆಯದು. ಅಂಜಿಕೆ ಮೊದಲಾದರೆ ಅವರ ಎದೆಯದು. ಎರಡೂ ಕ್ರಮದಲ್ಲಿ ಅವರ ದನಿ ನನಗೆ ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಇಂಥ ನೆನಪಿಗೆ ಏನು ಬೆಲೆ?

ಆಪರೇಷನ್ನಿನ ದಿನ ನಿಗದಿಯಾಗುವ ಮೊದಲೇ ಕಾಕಾ ತೀರಿಹೋದರು. ಮನೆಗೆ ಹೋದಾಗ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಬಂದವರೆಲ್ಲ ಎದ್ದು ಹೋಗುವವರೆಗೆ ಕಾದು ನನ್ನನ್ನು ಕೇಳಿದರು: “ಅವರು ಅಂಜಿ ಮುಂದಕ್ಕ ಹಾಕಿದ್ರೋ, ಬಿಡುವು ಸಿಗಲಿಲ್ಲೋ? ನಿನ್ನ ಮುಂದ ಏನರೆ ಅಂದಿದ್ರೇನು?”

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಕಲಿತವನು ನಾನು. “ಬಿಡುವು ಸಿಗಲಿಲ್ಲ ಕಾಕು. ಅಷ್ಟೇ,” ಎಂದೆ.

“ಖರೇನಽ? ದಿನಾ ಬೆನ್ನು ಹತ್ತಿದ್ನೆಪಾ, ಹೋಗ್ರಿ ಹೋಗ್ರಿ, ಇಲ್ಲಾಂದ್ರ ಉಳಿಯೂದಿಲ್ಲ ನೀವು ಅಂತ. ನಾನಽ ಅಂಜಿಸಿಬಿಟ್ನೇನೋ ಅಂತ ಮಾಡಿದ್ದೆ.”

ಅಷ್ಟು ಹೊತ್ತು ನೆಟ್ಟಗೆ ಕುಳಿತಿದ್ದ ಕಾಕು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.