ಮಾಮಿಗೆ ಹಚ್ಚಿದ ‘ರೀ’

ಬೆಟಗೇರಿಯಿಂದ ಹೊರಟಾಗ ಬೆಳಗಿನ ಎಂಟು ಗಂಟೆ. ಸಂಜೆಗೆ ತಿರುಗಿ ಬರುವ ಪ್ರಯಾಣಕ್ಕೆ ಕೊಡೆ, ಗುಳಿಗೆ, ಎರಡು ದಿನದ ಬಟ್ಟೆ ತುಂಬಿಕೊಂಡಿದ್ದೆ. ಜಿಲ್ಲೆ ಹೊಸದಾಗಿ ಗದಗ ಆಗಿದ್ದರೂ ಚೀಲದ ಮೇಲೆ ಇನ್ನೂ ‘ಜಿಲ್ಲಾ ಧಾರವಾಡ’ ಎಂದೇ ಇತ್ತು. ಕಳೆದರೆ ಚೀಲ ಧಾರವಾಡಕ್ಕೆ ಹೋದೀತೆಂದು ತೊಡೆಯಿಂದ ಇಳಿಸಲಿಲ್ಲ.

ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಮಹಬೂಬಸಾಬರ ಮಗಳು ಪರ್ವೀನ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಅವಳಿಗೆ ಭೋಪಾಲದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅಲ್ಲಿರುವ ಸೋದರಮಾವನ ಹೆಂಡತಿ ಮನೆಯಲ್ಲಿಟ್ಟುಕೊಳ್ಳಲು ಒಪ್ಪಿದರೆ ಓದು, ಇಲ್ಲದಿದ್ದರೆ ಗಾದಿಯ ಸೂಜಿ. ಭೋಪಾಲದಲ್ಲೇ ಹುಟ್ಟಿ ಬೆಳೆದ ಆ ಮಾಮಿ ಮೊದಲ ಸಲ ಈ ಕಡೆ ಬಂದಿದ್ದರು. ಹುಡುಗಿಯ ಪರವಾಗಿ ಎರಡು ಒಳ್ಳೆಯ ಮಾತಾಡಲು ನನಗೆ ಕರೆ ಬಂದಿತ್ತು. ಕರೆಸಿದವರ ಧೈರ್ಯ ಮೆಚ್ಚಬೇಕು.

ಮುಳಗುಂದದಲ್ಲಿ ಬಸ್ಸು ನಿಂತಾಗ ಗಿರ್ಮಿಟ್ ತಿಂದೆ. ಮಾಮಿಗೆ ಕನ್ನಡ ಬಾರದು; ಆಮೇಲೆ ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾದ ಹಿಂದಿ ಗುಣುಗುಣಿಸಿದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಅಂಗಡಿಯ ಹಿಂದೆಯೇ ಮನೆ. ನಾನು ಒಳಹೊಕ್ಕಾಗ ಮಾಮಿ ಎದ್ದು ನಿಂತರು. ಹಿರಿಯರು ನನಗಾಗಿ ಏಳುವುದೇ? ಗಾಬರಿಯಲ್ಲಿ ನನ್ನ ಹಿಂದಿಗೆ ಊರಿನ ಮರ್ಯಾದೆಯನ್ನೂ ಅಂಟಿಸಿದೆ: “ಬೈಠೋ ರೀ, ಮಾಮೀ, ಬೈಠೋ ರೀ!”

ಅವರ ಮುಖ ಕೆಂಪಾಯಿತು. “ರೀ? ಮೈಂ ಇನಕೀ ನೌಕರಾನೀ ಹೂಂ ಕ್ಯಾ?”

ನೌಕರಾನೀ ಅಂದರೆ ಮನೆಗೆಲಸದವಳು ಎಂಬಷ್ಟು ತಿಳಿಯಿತು. ಕೈ ಮುಗಿದೆ. “ನಹೀಂ ರೀ! ಮಾಫ್ ಕರೋ ರೀ!”

“ಸರ, ಬಾಯಿ ಮುಚ್ಚರಿ!” ಮಹಬೂಬಸಾಬರು ತಲೆ ಹಿಡಿದುಕೊಂಡರು. “ನಮ್ಮ ಉರ್ದು ಮಾತಿನ್ಯಾಗ ರೀ ಅಂದ್ರ ಸಣ್ಣ ಹುಡಿಗ್ಯಾರಿಗೆ, ಕೆಲಸದಾಕಿಗೆ ಅನ್ನೂದು.”

ಚಹಾ ತಂದ ಪರ್ವೀನ ನನ್ನನ್ನು ನೋಡಿದಳು. “ಇನ್ನೊಮ್ಮಿ ರೀ ಅಂದ್ರ ನನ್ನ ನರ್ಸಿಂಗ್ ಇಲ್ಲೇ ಖಲಾಸ್ರಿ ಸರ.”

ಕನ್ನಡದಲ್ಲಿ ಅದು ಮರ್ಯಾದೆ ಎಂದು ಅವಳು ಉರ್ದುವಿನಲ್ಲಿ ಎಷ್ಟು ಹೇಳಿದರೂ ಮಾಮಿ ನಂಬಲಿಲ್ಲ. ಅಷ್ಟರಲ್ಲಿ ಅಡರಕಟ್ಟಿಯ ಅಜ್ಜರೊಬ್ಬರು ಗಾದಿ ಕೇಳಲು ಬಂದರು. ಮೀಸೆ ಕಿವಿಯವರೆಗೆ ಇತ್ತು.

“ಅಜ್ಜಾರ, ನಾಳಿ ಬಂದು ಒಯ್ರಿ,” ಎಂದಳು ಪರ್ವೀನ.

“ನಾಳಿ ತಪ್ಪಸಬ್ಯಾಡ್ರಿ ಮತ್ತ, ಮಹಬೂಬಸಾಬ್ರ.”

ಮಾಮಿ ಬಾಗಿಲಿಗೇ ಬಂದು ಆ ಮೀಸೆಯನ್ನು ದಿಟ್ಟಿಸಿದರು. “ಮೂಛವಾಲೇ ಕೋ ಭೀ ರೀ?” ಮೀಸೆ ಇದ್ದವರಿಗೂ ರೀಯೇ ಎಂದು ಸೆರಗು ಬಾಯಿಗೊತ್ತಿ ನಗತೊಡಗಿದವರು ಕುಸಿದು ಕುಳಿತರು. ನಾನೂ ಕುಳಿತೆ.

ಚಹಾ ಮುಗಿಯುವುದರೊಳಗೆ ಮಾಮಿ ಒಪ್ಪಿದರು. ಕರಾರು ಒಂದೇ: ಭೋಪಾಲದಲ್ಲಿ ಯಾರಿಗೂ ‘ರೀ’ ಅನ್ನಕೂಡದು.

ಗದುಗಿನ ನೇರ ಬಸ್ಸು ತಪ್ಪಿತ್ತು. ಶಿರಹಟ್ಟಿಯ ಬಸ್ಸು ಹತ್ತಿಸಲು ಪರ್ವೀನ ಬಂದಳು.

“ಡಾಕ್ಟರಿಗೂ ರೀ ಅನ್ನಬಾರದಂತರಿ ಸರ. ರೀ ಇಲ್ಲಂದ್ರ ದೊಡ್ಡವರನ್ನ ಹೆಸರು ಹಿಡದು ಕೂಗಿದಂಗ ಆಗತೈತಿ ನೋಡ್ರಿ.”

“ಜೀ ಅನ್ನು. ರೂಢಿ ಆಗತೈತಿ. ಎಲ್ಲಿ, ಈಗ ಅನ್ನು.”

ಅವಳು ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಂಡಳು. “ಜೀ ರೀ.”

ಇಬ್ಬರೂ ದಂಗಾಗಿ ಮುಖ ಮುಖ ನೋಡಿಕೊಂಡೆವು. ಬಸ್ಸು ಹೊರಟೇಬಿಟ್ಟಿತು. ಮೂಲೆಯಲ್ಲಿ ಹೊರಳುವಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ: ಬಾಯಿಯ ಮೇಲೆ ಕೈ ಇಟ್ಟುಕೊಂಡವಳು ಇನ್ನೂ ತೆಗೆದಿರಲಿಲ್ಲ.